ಬರಗಾಲದಲ್ಲಿ ಊರಿಗೆ ಮುಟ್ಟಿದ ವಾರ್ತೆ

ಆರ್ತನಿಗೆ ಅನ್ನವಿಡುವುದು ಧರ್ಮವೆಂಬುದನ್ನು ಎಲ್ಲರೂ ಬಲ್ಲರು. ಅನ್ನವು ಇಂಥಲ್ಲಿ ದೊರೆಯುವುದೆಂದು ಅವನಿಗೆ ತಿಳಿಸುವುದೂ ಅದೇ ಧರ್ಮದ ಅಂಗವೆಂಬುದನ್ನು ನೆನೆಯುವವರು ವಿರಳ. ಛತ್ರದಲ್ಲಿ ಅಡಿಗೆಯಾಗಿದ್ದರೂ ಅದರ ದಾರಿಯನ್ನರಿಯದ ಹಸಿದವನ ಪಾಲಿಗೆ ಆ ಅನ್ನವು ಇಲ್ಲದಂತೆಯೇ ಸರಿ. ನಮ್ಮ ಬಳ್ಳಾರಿ ಸೀಮೆಯು ಇದನ್ನು ಬಹು ದೊಡ್ಡ ಬೆಲೆ ತೆತ್ತು ಕಲಿತುಕೊಂಡಿತು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿರುವ ಕುಡತಿನಿಯೂ ಅದರ ಸುತ್ತಣ ಹಳ್ಳಿಗಳೂ ಆಗ ಮುಗಿಲನ್ನೇ ನಂಬಿ ಬಾಳುತ್ತಿದ್ದುವು. 1876ನೆಯ ಇಸವಿ, ಧಾತು ಸಂವತ್ಸರದಲ್ಲಿ ಮಳೆಯು ಹೋಯಿತು. ಮರುವರ್ಷ ಈಶ್ವರ ಸಂವತ್ಸರದಲ್ಲಿಯೂ ಬವಣೆ ತೀರಲಿಲ್ಲ. 1871ರ ಜನಗಣತಿಯನ್ನು 1881ರದರೊಡನೆ ಹೋಲಿಸಿದರೆ ಬಳ್ಳಾರಿ ಜಿಲ್ಲೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಜನರು ಕಡಮೆಯಾಗಿದ್ದುದು ಕಂಡುಬರುತ್ತದೆ.

ಮದರಾಸು ಸರಕಾರವು ಕೈಕಟ್ಟಿ ಕುಳಿತಿರಲಿಲ್ಲ. ದುಡಿಯಬಲ್ಲವರಿಗೆ ರಸ್ತೆ, ಕೆರೆಗಳ ಕೆಲಸವನ್ನೂ ದುಡಿಯಲಾರದವರಿಗೆ ಗಂಜಿಯನ್ನೂ ಏರ್ಪಡಿಸಿತು. ಆದರೆ 1877ರ ಆರಂಭದಲ್ಲಿ ಹಿಂದೂಸ್ಥಾನ ಸರಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲರು ವೆಚ್ಚವನ್ನು ಕುಗ್ಗಿಸಲೆಳಸಿ ಕೂಲಿಯನ್ನು ದಿನವೊಂದಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಹಣಕ್ಕೆ ಇಳಿಸಿದರು. ಆರೋಗ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಕಾರ್ನಿಷರು, ಇಷ್ಟರಿಂದ ಮೈಮುರಿದು ದುಡಿಯುವವನ ಜೀವವು ನಿಲ್ಲದೆಂದು ವಾದಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು.

ಆಗಸ್ಟ್ ತಿಂಗಳಲ್ಲಿ ಮದರಾಸಿನ ಪುರಜನರು ಸಭೆ ಸೇರಿ ಲಂಡನ್ನಿನ ಮೇಯರರಿಗೆ ತಂತಿಯ ಮೂಲಕ ಮೊರೆಯಿಟ್ಟರು. ಅಲ್ಲಿ ದ್ರವ್ಯವು ಲಕ್ಷಗಟ್ಟಲೆ ಕೂಡಿತು. ನಮ್ಮ ಹಸಿವಿನ ಸುದ್ದಿಯು ಸಮುದ್ರವನ್ನು ಕ್ಷಣಮಾತ್ರದಲ್ಲಿ ದಾಟಿತು. ಆದರೆ ಆ ದ್ರವ್ಯದ ಸುದ್ದಿಯು ನಮ್ಮ ಗುಡಿಸಲಿನ ಹೊಸ್ತಿಲನ್ನು ದಾಟುವ ಬಗೆ ಹೇಗೆ? ಹಳ್ಳಿಗೆ ಆಗ ವರ್ತಮಾನಪತ್ರಿಕೆಯೆಂದರೆ ತಳವಾರನ ಡಂಗುರವೊಂದೇ. ಸಂತೆಯ ಬೀದಿಯಲ್ಲಿ ಸಾರಿದ್ದು ಜ್ವರದಿಂದ ಮಲಗಿದವನ ಕಿವಿಗೆ ಬೀಳದು; ಮಾನಕ್ಕಂಜಿ ಒಳಗೆ ಕುಳಿತ ವಿಧವೆಯು ಕೇಳಿದರೂ ಹೊರಗೆ ಬಾರಳು.

ಈ ಕೊರತೆಯನ್ನು ತುಂಬಿದವು ಸ್ಥಳೀಯ ಸಮಿತಿಗಳು. ಲಂಡನ್ನಿನಿಂದ ಬಂದ ಹಣವನ್ನು ಬಿತ್ತನೆಯ ಬೀಜ, ಎತ್ತು, ಬಟ್ಟೆ, ಮನೆಯ ದುರಸ್ತಿಗಳಿಗಾಗಿ ಹಂಚಬೇಕಾದಾಗ, ಯಾರಿಗೆ ಏನು ಬೇಕೆಂಬುದನ್ನು ಊರುಗಳಲ್ಲಿ ವಿಚಾರಿಸಿ ಅರಿಯುವ ಹೊಣೆ ಅವುಗಳ ಮೇಲೆ ಬಿತ್ತು. 1880ರ ಕ್ಷಾಮ ಆಯೋಗದ ತರುವಾಯ 1883ರಲ್ಲಿ ರೂಪಿತವಾದ ಕ್ಷಾಮಸಂಹಿತೆಯು ಈ ಅನುಭವವನ್ನೇ ವಿಧಿಯನ್ನಾಗಿ ಮಾಡಿತು. ಹಳ್ಳಿಯ ರೆಡ್ಡಿ, ಕರಣಂ ಮೊದಲಾದವರು ದುಡಿಯಲಾರದವರ ಪಟ್ಟಿಯನ್ನು ಬರೆಯಬೇಕು. ಮೇಲಿನ ಅಧಿಕಾರಿಯು ಬಂದು ಅದನ್ನು ಪರೀಕ್ಷಿಸಬೇಕು. ಹಸಿದವನು ಬಂದು ಬೇಡಲಿ ಎಂಬ ಭಾವವು ಹೋಗಿ, ಹಸಿದವನನ್ನು ಹುಡುಕಬೇಕೆಂಬ ಭಾವವು ಬಂದಿತು. ಧಾನ್ಯಕ್ಕೂ ದಾರಿಯಾಯಿತು: 1884ರಲ್ಲಿ ಬಳ್ಳಾರಿ-ಹೊಸಪೇಟೆಯ ರೈಲುಮಾರ್ಗವು ತೆರೆಯಿತು. ನೀರಿಗಾಗಿ ಮಾತ್ರ ಬಹುಕಾಲ ಕಾಯಬೇಕಾಯಿತು; ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದುದು 1945ರಲ್ಲಿ.

ಪಟ್ಟಿಯೂ ದೋಷರಹಿತವಲ್ಲ. ಬರೆಯುವವನ ಕಣ್ಣಿಗೆ ಬೀಳದವನು ಸರಕಾರದ ಕಣ್ಣಿಗೂ ಬೀಳನು. ಊರ ಹೊರಗಣ ಕೇರಿಗೆ ಕಾಲಿಡದ ಲೇಖನಿಯು ಅಲ್ಲಿನ ಹಸಿವನ್ನು ಎಂತು ಬರೆದೀತು? ಆದುದರಿಂದ ಪಟ್ಟಿಯನ್ನು ಗುಟ್ಟಾಗಿಡದೆ ಊರ ಮುಂದೆ ಓದಿಸುವುದೇ ಮೇಲಾದ ಪರೀಕ್ಷೆ.

ಇಂದು ಕುಡತಿನಿಗೆ ಪಟ್ಟಣ ಪಂಚಾಯಿತಿಯಿದೆ, ವೃದ್ಧರಿಗೂ ವಿಧವೆಯರಿಗೂ ಮಾಸಾಶನವುಂಟು, ಪಡಿತರವುಂಟು. ಸರಕಾರದ ಸೇವೆಗಳು ಇಂತಿಷ್ಟು ದಿನಗಳಲ್ಲಿ ದೊರೆಯಬೇಕೆಂದು 2011ರಲ್ಲಿ ನಮ್ಮ ರಾಜ್ಯವು ಕಾಯಿದೆಯನ್ನೇ ಮಾಡಿತು. ಆದರೂ ಅರ್ಜಿಯನ್ನು ಬರೆಯಲರಿಯದವನಿಗೆ ಆ ದಿನಗಳ ಲೆಕ್ಕವು ಆರಂಭವಾಗುವುದೇ ಇಲ್ಲ. ಡಂಗುರದ ಸದ್ದು ಅಡಗಿ, ಸುದ್ದಿಯು ಕೈಯೊಳಗಣ ಯಂತ್ರಕ್ಕೆ ಬಂದಿರುವ ಈ ಕಾಲದಲ್ಲಿಯೂ ಓದಲಾರದ ಮುದುಕಿಗೆ ನೆರೆಮನೆಯವರ ಬಾಯಿಯೇ ಪತ್ರಿಕೆ.

ಆದಕಾರಣ ವಾಚಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಪಂಚಾಯಿತಿಯ ಹಲಗೆಯಲ್ಲಿ ಕಂಡದ್ದನ್ನು ಮನೆಗೆಲಸಕ್ಕೆ ಬರುವವಳಿಗೂ ಹೊಲದ ಆಳಿಗೂ ಓದಿಹೇಳಿರಿ; ಅರ್ಜಿಯೊಂದನ್ನು ಬರೆದುಕೊಡಿರಿ. ಇದಕ್ಕೆ ಕಾಸು ಬೇಡ, ಅರ್ಧಗಳಿಗೆಯ ಬಿಡುವು ಸಾಕು.