ಆಂಪ್ಲಿಫೈಯರನ್ನು ಎಲ್ಲಿಡಲಿ, ಸಾರ್?

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಹೆಸರು ಬರೆಯುವುದಿಲ್ಲ, 1992ರ ಎಸ್ಸೆಸ್ಸೆಲ್ಸಿ ತಂಡದವರಿಗೆ ಮುಂದಿನ ನಾಲ್ಕು ಸಾಲುಗಳಲ್ಲೇ ಗುರುತು ಹತ್ತೀತು. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ನಾಲ್ಕನೆಯ ಮಹಡಿಯಲ್ಲಿ ಅವನ ವಾಸ. ಹಗಲು ಕಂಪ್ಯೂಟರ್ ಉದ್ಯೋಗ, ರಾತ್ರಿ ಗಿಟಾರ್. ಹತ್ತು ಅಡಿಗೆ ಹನ್ನೊಂದು ಅಡಿಯ ಕೋಣೆಯೊಂದನ್ನು ಧ್ವನಿಮುದ್ರಣಕ್ಕೆಂದೇ ಸಜ್ಜುಗೊಳಿಸಿದ್ದಾನಂತೆ. ಕೆಳಗಿನ ಮನೆಯವರು ದೂರಿತ್ತು, ನಿವಾಸಿಗಳ ಸಂಘದಿಂದ ಕಾಗದವೂ ಬಂದಿತ್ತು. "ಸಾರ್, ಶಬ್ದದ ಪಾಠ ಮಾಡಿದವರು ನೀವು. ಆಂಪ್ಲಿಫೈಯರನ್ನು ಎಲ್ಲಿಡಲಿ ಅಂತ ನೀವೇ ಹೇಳಿ. ಆಗಲ್ಲ ಅಂದ್ರೆ ಎಲ್ಲಾ ಮಾರಿಬಿಡ್ತೀನಿ" ಎಂದ.

ಗಿಟಾರಿನ ಗಂಧವೂ ಇಲ್ಲದ ನಾನು "ಸ್ವಲ್ಪ ದಿನ ಕೊಡಪ್ಪಾ, ಮಾರಬೇಡ" ಎಂದುಬಿಟ್ಟೆ. ಹಾಗೆನ್ನಲು ಒಂದು ಕಾರಣವಿತ್ತು.

1991ರ ನಮ್ಮ ಶಾಲಾ ವಾರ್ಷಿಕೋತ್ಸವ. ಆಗ ಒಂಬತ್ತನೆಯ ತರಗತಿಯಲ್ಲಿದ್ದ ಈ ಹುಡುಗ, ಕೆಟ್ಟ ವಾಲ್ವ್ ರೇಡಿಯೊವೊಂದನ್ನು ರಿಪೇರಿ ಮಾಡಿ, ಮರದ ಪೆಟ್ಟಿಗೆಯಲ್ಲಿ ಕೂರಿಸಿ, ತನ್ನ ಗಿಟಾರಿಗೆ ತಾನೇ ಆಂಪ್ಲಿಫೈಯರ್ ಮಾಡಿಕೊಂಡು ಬಂದಿದ್ದ. ವೇದಿಕೆಯ ಮುಂಭಾಗದಲ್ಲಿ, ಒಂದು ಬದಿಗೆ ಅದನ್ನು ಇಟ್ಟಿದ್ದ. ಮುಖ್ಯ ಅತಿಥಿಗಳ ಕುರ್ಚಿಗೆ ಜಾಗ ಸಾಲದೆಂದು ಆ ಪೆಟ್ಟಿಗೆಯನ್ನೆತ್ತಿ ಹುಡುಗನ ಬೆನ್ನ ಹಿಂದೆ ಇರಿಸಿದವನು ನಾನು. ಅವನು ತಂತಿ ಮೀಟಿದೊಡನೆ ಪೆಟ್ಟಿಗೆ 'ಕೂಂ' ಎಂದು ಊಳಿಡತೊಡಗಿತು. ಸಭೆ ನಕ್ಕಿತು. ನಾನು ಪ್ಲಗ್ಗನ್ನು ಕಿತ್ತು, "ಇದೆಲ್ಲ ಮನೇಲಿ ಆಡ್ಕೋ, ಹೋಗು" ಎಂದು ಅವನನ್ನು ವೇದಿಕೆಯಿಂದ ಇಳಿಸಿದೆ. ಸ್ಪೀಕರಿನಿಂದ ಹೊರಟ ಶಬ್ದ ಗಿಟಾರಿನ ಟೊಳ್ಳು ಹೊಟ್ಟೆಯನ್ನು ನಡುಗಿಸಿ, ಆ ನಡುಕವೇ ಪಿಕಪ್ಪಿನ ಮೂಲಕ ಮತ್ತೆ ಸ್ಪೀಕರನ್ನು ಸೇರಿ, ಸುತ್ತಿ ಸುತ್ತಿ ಬೆಳೆಯುವುದೇ ಆ ಊಳು. ಅನುನಾದದ ಪಾಠವನ್ನು ಅದೇ ವರ್ಷ ಅದೇ ತರಗತಿಗೆ ನಾನೇ ಮಾಡಿದ್ದೆ! ಪೆಟ್ಟಿಗೆ ಅವನಿಟ್ಟ ಜಾಗದಲ್ಲೇ ಇದ್ದಿದ್ದರೆ ಪ್ರಾಯಶಃ ಏನೂ ಆಗುತ್ತಿರಲಿಲ್ಲ.

ಆದುದರಿಂದ ಎರಡು ತಿಂಗಳ ಕಾಲ ಈ ವಿಷಯವನ್ನು ಓದಿದೆ. ಆಂಪ್ಲಿಫೈಯರನ್ನು ಮನೆಯಲ್ಲಿ ಎಲ್ಲಿಡಬೇಕೆಂಬ ಪ್ರಶ್ನೆಗೆ ಎಂಬತ್ತು ವರ್ಷಗಳ ಚರಿತ್ರೆಯಿದೆಯೆಂದು ಆಗ ತಿಳಿಯಿತು.

ಮೊದಲಿಗೆ ಒಂದು ಮಾತು. ನಮ್ಮ ಗಣೇಶೋತ್ಸವದ ಮೈಕ್‌ಸೆಟ್ಟಿನ ಆಹುಜಾ ಆಂಪ್ಲಿಫೈಯರಿಗೂ ಗಿಟಾರಿನ ಆಂಪ್ಲಿಫೈಯರಿಗೂ ಗುಣದಲ್ಲೇ ಭೇದವಿದೆ. ಮೊದಲನೆಯದು ಕೊಟ್ಟ ದನಿಯನ್ನು ಕೆಡಿಸದೆ ದೊಡ್ಡದು ಮಾಡಬೇಕು. ಎರಡನೆಯದೂ ಆರಂಭದಲ್ಲಿ ಹಾಗೆಯೇ ಇತ್ತು. 1930ರ ದಶಕದ ಅಮೆರಿಕದ ನೃತ್ಯವಾದ್ಯಗೋಷ್ಠಿಗಳಲ್ಲಿ ತುತ್ತೂರಿ, ಸ್ಯಾಕ್ಸೊಫೋನುಗಳ ಅಬ್ಬರದ ನಡುವೆ ಗಿಟಾರ್ ಕೇಳಿಸುತ್ತಿರಲಿಲ್ಲ. ತಂತಿಗಳ ಕೆಳಗೆ ಅಯಸ್ಕಾಂತ ಮತ್ತು ತಂತಿಸುರುಳಿಯನ್ನಿರಿಸಿ ಕಂಪನವನ್ನು ವಿದ್ಯುತ್ತಾಗಿಸುವ ಉಪಾಯ ಆ ದಶಕದ ಆರಂಭದಲ್ಲೇ ಬಂತು. 1936ರಲ್ಲಿ ಗಿಬ್ಸನ್ ಕಂಪೆನಿಯ ಇಎಸ್-150 ಗಿಟಾರ್ ಮಾರುಕಟ್ಟೆಗಿಳಿಯಿತು. (ಫ್ಯಾರಡೆಯ ಪ್ರಯೋಗವನ್ನು ನೆನೆಯಿರಿ, ಮಕ್ಕಳೇ.) ಮುಂದೆ ಕ್ಯಾಲಿಫೋರ್ನಿಯದ ರೇಡಿಯೊ ರಿಪೇರಿಗಾರ ಲಿಯೋ ಫೆಂಡರ್, ಲಂಡನ್ನಿನ ವಾದ್ಯವ್ಯಾಪಾರಿ ಜಿಮ್ ಮಾರ್ಷಲ್ ಮೊದಲಾದವರು ಪೆಟ್ಟಿಗೆಗಳನ್ನು ದೊಡ್ಡದಾಗಿಸುತ್ತ ಹೋದರು. 1960ರ ದಶಕದ ನಡುವಿನ ವೇಳೆಗೆ ಮಾರ್ಷಲ್ಲನ ಆಂಪ್ಲಿಫೈಯರ್ 100 ವ್ಯಾಟ್ ಮುಟ್ಟಿತ್ತು.

ಅಷ್ಟರಲ್ಲಿ ವಾದಕರ ಕಿವಿಗೆ ಬೇರೊಂದು ರುಚಿ ಹತ್ತಿತ್ತು. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಅಲೆಯ ನೆತ್ತಿ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ಮೇಲುಸ್ವರಗಳು ಹುಟ್ಟುತ್ತವೆ. ದನಿ ಒರಟಾಗಿಯೂ ದೀರ್ಘವಾಗಿಯೂ ನಿಲ್ಲುತ್ತದೆ. ಎಂಜಿನಿಯರು ದೋಷವೆಂದು ಕರೆದುದನ್ನು ವಾದಕರು ಗುಣವೆಂದರು. ಆದರೆ ಆ ಗುಣ ಬರುವುದು ಆಂಪ್ಲಿಫೈಯರನ್ನು ತುದಿಯವರೆಗೆ ತಿರುಗಿಸಿದಾಗ ಮಾತ್ರ. ಸಭಾಂಗಣದಲ್ಲಿ ಅದು ಸರಿ, ಮನೆಯಲ್ಲಿ?

ಲೆಸ್ ಪಾಲ್ (1915–2009) ಎಂಬ ಗಿಟಾರ್ ವಾದಕ ಈ ಕಥೆಯ ಮೊದಲ ಪುರುಷ. 1940ರ ದಶಕದಲ್ಲಿ ಹಾಲಿವುಡ್ಡಿನ ತನ್ನ ಮನೆಯ ಗ್ಯಾರೇಜನ್ನೇ ಸ್ಟುಡಿಯೊ ಮಾಡಿಕೊಂಡ. ಧ್ವನಿಮುದ್ರಿಕೆ ಕೊರೆಯುವ ಯಂತ್ರಕ್ಕೆ ಕ್ಯಾಡಿಲಾಕ್ ಕಾರಿನ ಫ್ಲೈವೀಲನ್ನು ಜೋಡಿಸಿದ್ದನೆಂಬುದನ್ನು ಓದಿ ನನಗೆ ನಮ್ಮೂರಿನ ಪಂಪ್‌ಸೆಟ್ ರಿಪೇರಿಯವರು ನೆನಪಾದರು. 1948ರಲ್ಲಿ ಹೊರಬಂದ 'ಲವರ್' ಎಂಬ ಮುದ್ರಿಕೆಯಲ್ಲಿ ಕೇಳುವ ಎಂಟು ಗಿಟಾರುಗಳೂ ಅವನೊಬ್ಬನವೇ. ಒಂದು ತಟ್ಟೆಯಲ್ಲಿ ಮುದ್ರಿಸಿದ್ದನ್ನು ನುಡಿಸುತ್ತ, ಅದರೊಡನೆ ತಾನೂ ಬಾರಿಸಿ, ಎರಡನ್ನೂ ಸೇರಿಸಿ ಇನ್ನೊಂದು ತಟ್ಟೆಯಲ್ಲಿ ಕೊರೆಯುವುದು. ಹೀಗೆ ಪದರದ ಮೇಲೆ ಪದರ. ಪ್ರತಿ ಸಲವೂ ಹಳೆಯ ಪದರ ಸ್ವಲ್ಪ ಮಸುಕಾಗುತ್ತಿದ್ದುದರಿಂದ ಕೊಠಡಿಯ ಗದ್ದಲ ಸೇರದಂತೆ ಎಚ್ಚರ ವಹಿಸಬೇಕಿತ್ತು. ಅದಕ್ಕೆ ಅವನ ಪರಿಹಾರ ಸರಳ: ಗಿಟಾರಿನ ತಂತಿಯನ್ನು ನೇರವಾಗಿ ಮುದ್ರಣಯಂತ್ರದ ಮಿಶ್ರಣಪೆಟ್ಟಿಗೆಗೆ ಸೇರಿಸುವುದು. ಸ್ಪೀಕರೂ ಇಲ್ಲ, ಮೈಕೂ ಇಲ್ಲ. 1951ರಲ್ಲಿ ಪತ್ನಿ ಮೇರಿ ಫೋರ್ಡಳೊಡನೆ ಹೊರತಂದ 'ಹೌ ಹೈ ದ ಮೂನ್' ಒಂಬತ್ತು ವಾರ ಅಮೆರಿಕದ ಮೊದಲ ಸ್ಥಾನದಲ್ಲಿತ್ತು. ಅದು ರೂಪುಗೊಂಡದ್ದೂ ನ್ಯೂಯಾರ್ಕಿನ ಮನೆಯೊಂದರಲ್ಲೇ. ಅವನಿಗೆ ಬೇಕಿದ್ದುದು ತಿಳಿಯಾದ ದನಿಯಾದ್ದರಿಂದ ಈ ಉಪಾಯ ಸಾಗಿತು. ನನ್ನ ಶಿಷ್ಯನಿಗೆ ಬೇಕಿರುವುದು ಒರಟು ದನಿ. ಹಾಗಾಗಿ ಲೆಸ್ ಪಾಲನಿಂದ ಅವನಿಗೆ ಅರ್ಧ ಉತ್ತರ ಮಾತ್ರ ಸಿಕ್ಕಿತು.

ಇಂಗ್ಲೆಂಡಿನ ಜೋ ಮೀಕ್‌ನದು ಇನ್ನೊಂದು ಮಾರ್ಗ. ಲಂಡನ್ನಿನ 304, ಹಾಲೊವೇ ರಸ್ತೆಯಲ್ಲಿ, ಚರ್ಮದ ಸಾಮಾನುಗಳ ಅಂಗಡಿಯ ಮೇಲಿನ ಬಾಡಿಗೆ ಮನೆಯೇ ಅವನ ಸ್ಟುಡಿಯೊ. ಒಂದು ಕೋಣೆಯಲ್ಲಿ ಯಂತ್ರಗಳು, ಇನ್ನೊಂದರಲ್ಲಿ ವಾದಕರು, ಪ್ರತಿಧ್ವನಿ ಬೇಕಾದಾಗ ಬಚ್ಚಲುಮನೆ, ಸಾಲದಿದ್ದರೆ ಮೆಟ್ಟಿಲು. ಅವನಿಗೆ ಇಡೀ ಮನೆಯೇ ಒಂದು ವಾದ್ಯ. 1962ರ 'ಟೆಲ್‌ಸ್ಟಾರ್' ಅಲ್ಲಿಂದ ಹೊರಟು ಅಮೆರಿಕದ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತು. 1964ರ 'ಹ್ಯಾವ್ ಐ ದ ರೈಟ್' ಗೀತೆಗಾಗಿ ಮೆಟ್ಟಿಲಿನ ಕೈಪಿಡಿಗೆ ಸೈಕಲ್ ಕ್ಲಿಪ್ಪುಗಳಿಂದ ಮೈಕು ಕಟ್ಟಿ, ವಾದಕರು ಮೆಟ್ಟಿಲ ಮೇಲೆ ಕಾಲು ಅಪ್ಪಳಿಸುವ ಸದ್ದನ್ನು ಹಿಡಿದನಂತೆ. ಕೆಳಗಿನ ಮಾಲಕಿ ಪೊರಕೆಯ ಹಿಡಿಯಿಂದ ಸೂರು ಕುಟ್ಟಿದರೆ ಈತ ಸದ್ದನ್ನು ಇನ್ನೂ ಹೆಚ್ಚಿಸುತ್ತಿದ್ದನೆಂದು ಹೇಳುತ್ತಾರೆ. 1967ರ ಫೆಬ್ರವರಿ 3ರಂದು ಅದೇ ಮನೆಯಲ್ಲಿ ಆತ ಮಾಲಕಿಯನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಸಾಲ, ಮನೋವ್ಯಾಧಿ ಅವನನ್ನು ಬಹುಕಾಲದಿಂದ ಹಣ್ಣುಮಾಡಿದ್ದವು. ಆ ದುರಂತಕ್ಕೆ ಸದ್ದನ್ನು ಕಾರಣವಾಗಿಸುವುದು ತಪ್ಪು. ಆದರೂ ಪೊರಕೆಯ ಆ ಚಿತ್ರವನ್ನು ಓದಿದ ರಾತ್ರಿ ನನಗೆ ನಾಲ್ಕನೆಯ ಮಹಡಿಯ ನೆನಪಾಗದೆ ಇರಲಿಲ್ಲ.

ಇಲ್ಲೊಂದು ಅಡ್ಡಮಾತು. 1964ರಲ್ಲೇ ಬೀಟಲ್ಸ್ ತಂಡದವರ 'ಐ ಫೀಲ್ ಫೈನ್' ಹೊರಬಂತು. ಅದರ ಮೊದಲಿಗೇ ಕೇಳುವುದು ಪಿಕಪ್ ಹೊತ್ತ ಟೊಳ್ಳು ಗಿಟಾರ್ ಆಂಪ್ಲಿಫೈಯರಿನ ಎದುರು ಹುಟ್ಟಿಸಿದ ಊಳು! ನಮ್ಮ ವಾರ್ಷಿಕೋತ್ಸವದಲ್ಲಿ ಸಭೆ ನಕ್ಕದ್ದೂ ಅದೇ ಸದ್ದಿಗೆ.

1967ರಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿಯ 'ಬಿಗ್ ಪಿಂಕ್' ಎಂಬ ಗುಲಾಬಿ ಮನೆಯ ನೆಲಮಾಳಿಗೆಯಲ್ಲಿ ಬಾಬ್ ಡಿಲನ್ ಮತ್ತು ಸಂಗಡಿಗರು ಸೇರುತ್ತಿದ್ದರು. ಸಿಮೆಂಟಿನ ಗೋಡೆ, ಮನೆ ಕಾಯಿಸುವ ಲೋಹದ ಒಲೆ. ಶಾಸ್ತ್ರದ ಪ್ರಕಾರ ಧ್ವನಿಮುದ್ರಣಕ್ಕೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಜೋರಾಗಿ ಬಾರಿಸಿದರೆ ಕಿವಿ ನೋಯುತ್ತಿತ್ತು. ಹೀಗಾಗಿ ವರ್ತುಲವಾಗಿ ಕುಳಿತು, ಹಾಡುವವನ ದನಿ ಕೇಳುವಷ್ಟೇ ಮೆಲ್ಲಗೆ ಬಾರಿಸಿದರು. ಆಂಪ್ಲಿಫೈಯರಿನ ಸಮಸ್ಯೆಗೆ ಇದಕ್ಕಿಂತ ಅಗ್ಗದ ಪರಿಹಾರ ಬೇರೆ ಕಾಣೆ. 1971ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಫ್ರಾನ್ಸಿನ ಕಡಲತೀರದ ನೆಲ್‌ಕೋತ್ ಬಂಗಲೆಯಲ್ಲಿ ಮಾಡಿದ್ದು ಇದಕ್ಕೆ ವಿರುದ್ಧ: ನೆಲಮಾಳಿಗೆಯ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರು, ಹೊರಗೆ ನಿಂತ ಲಾರಿಯಲ್ಲಿ ಮುದ್ರಣಯಂತ್ರ. ಸೆಕೆಗೆ ತಂತಿಗಳ ಶ್ರುತಿಯೇ ನಿಲ್ಲುತ್ತಿರಲಿಲ್ಲವಂತೆ. ಬಂಗಲೆಯುಳ್ಳವರ ಮಾತು, ಬಿಡಿ.

ನನಗೆ ಬಹುವಾಗಿ ಹಿಡಿಸಿದ ಮನುಷ್ಯ ಟಾಮ್ ಶೋಲ್ಜ್. ಎಂಐಟಿಯಲ್ಲಿ ಯಂತ್ರಶಾಸ್ತ್ರ ಓದಿ, ಪೋಲರಾಯ್ಡ್ ಕಂಪೆನಿಯಲ್ಲಿ ಎಂಜಿನಿಯರಾಗಿದ್ದವನು. ಹಗಲು ಕಂಪೆನಿ, ರಾತ್ರಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನಿನಲ್ಲಿದ್ದ ಮನೆಯ ನೆಲಮಾಳಿಗೆ. (ನಮ್ಮವನ ದಿನಚರಿಯೂ ಇದೇ ತಾನೆ!) ಅವನಿಗೆ ಬೇಕಿದ್ದುದು ನೂರು ವ್ಯಾಟಿನ ಮಾರ್ಷಲ್ ತುದಿಮುಟ್ಟಿ ದುಡಿವಾಗಿನ ದನಿ, ಇದ್ದುದು ಇಕ್ಕಟ್ಟಾದ ನೆಲಮಾಳಿಗೆ. ಎಂಜಿನಿಯರಿನಂತೆ ಯೋಚಿಸಿದ. ಒರಟು ದನಿ ಹುಟ್ಟುವುದು ವಾಲ್ವಿನಲ್ಲಿ. ಮನೆಯನ್ನು ನಡುಗಿಸುವುದು ಸ್ಪೀಕರ್. ಇವೆರಡರ ನಡುವೆ ದೊಡ್ಡ ರೋಧಕಗಳನ್ನಿಟ್ಟರೆ ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತದೆ. ವಾಲ್ವ್ ಏದುಸಿರು ಬಿಡುತ್ತಿದ್ದರೂ ಸ್ಪೀಕರಿಗೆ ತಲುಪುವುದು ಕೆಲವೇ ವ್ಯಾಟ್. ಓಮನ ನಿಯಮ ತಿಳಿದ ಹತ್ತನೆಯ ತರಗತಿಯ ಹುಡುಗನಿಗೂ ಅರ್ಥವಾಗುವ ಮಾತು, ಆದರೆ ಹೊಳೆಯಬೇಕಲ್ಲ!

ಧ್ವನಿಮುದ್ರಿಕೆಯ ಕಂಪೆನಿಯವರು ವೃತ್ತಿಪರ ಸ್ಟುಡಿಯೊದಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಬೇಕೆಂದರು. ನಿರ್ಮಾಪಕ ಜಾನ್ ಬಾಯ್ಲನ್ ತಂಡದ ಉಳಿದವರೊಡನೆ ಲಾಸ್ ಏಂಜಲೀಸಿನಲ್ಲಿ ಕೆಲಸ ಸಾಗಿಸುತ್ತಿದ್ದರೆ, ಶೋಲ್ಜ್ ಸದ್ದಿಲ್ಲದೆ ತನ್ನ ನೆಲಮಾಳಿಗೆಯಲ್ಲೇ ವಾದ್ಯಭಾಗದ ಬಹುಪಾಲನ್ನು ಮುಗಿಸಿದ. 1976ರ ಆಗಸ್ಟಿನಲ್ಲಿ 'ಬಾಸ್ಟನ್' ಎಂಬ ಆ ಮುದ್ರಿಕೆ ಹೊರಬಂತು; ಅಮೆರಿಕವೊಂದರಲ್ಲೇ 1 ಕೋಟಿ 70 ಲಕ್ಷ ಪ್ರತಿಗಳ ಮಾನ್ಯತೆ ಪಡೆಯಿತು. ಅದನ್ನು ಕೊಂಡವರಲ್ಲಿ ಎಷ್ಟು ಮಂದಿಗೆ ಆ ಗರ್ಜನೆ ನೆಲಮಾಳಿಗೆಯಿಂದ ಬಂದುದೆಂದು ಗೊತ್ತಿತ್ತೋ! ಮುಂದೆ ಸ್ವಂತ ಕಂಪೆನಿ ತೆರೆದು ಆ ರೋಧಕದ ಪೆಟ್ಟಿಗೆಯನ್ನು 'ಪವರ್ ಸೋಕ್' ಎಂಬ ಹೆಸರಿನಲ್ಲಿ ಮಾರಿದ. 1982ರಲ್ಲಿ ಆಂಪ್ಲಿಫೈಯರನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಡ್‌ಫೋನಿನಲ್ಲಿ ಕೇಳುವಷ್ಟು ಕಿರಿದಾಗಿಸಿ 'ರಾಕ್‌ಮ್ಯಾನ್' ಎಂದ. 1998ರಲ್ಲಿ ಲೈನ್ 6 ಕಂಪೆನಿಯ 'ಪಾಡ್' ಬಂತು. ಹಳೆಯ ಆಂಪ್ಲಿಫೈಯರುಗಳ ನಡತೆಯನ್ನು ಗಣಿತದಿಂದಲೇ ಅನುಕರಿಸುವ ಪೆಟ್ಟಿಗೆ ಅದು. ಇಂದು ಅದೇ ಕೆಲಸ ಕಂಪ್ಯೂಟರಿನೊಳಗೇ ನಡೆಯುತ್ತದೆ.

ಇದನ್ನು ಹೇಳಿದಾಗ ನನ್ನ ಶಿಷ್ಯ, "ಗೊತ್ತು ಸಾರ್. ಕಂಪ್ಯೂಟರಿನ ಮುಂದೆ ಹಗಲೆಲ್ಲ ಕೂತಿರ್ತೀನಿ, ರಾತ್ರಿನೂ ಅದರ ಮುಂದೇನಾ?" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬಸ್ಸು ಹತ್ತಿ ಅವನ ಮನೆಗೇ ಹೋದೆ.

ಪೆಟ್ಟಿಗೆ ಕೋಣೆಯ ಮೂಲೆಯಲ್ಲಿ, ನೆಲದ ಮೇಲೆ, ಗೋಡೆಗೆ ಆತುಕೊಂಡಿತ್ತು. ಎರಡು ಗೋಡೆ, ಒಂದು ನೆಲ ಸೇರುವಲ್ಲಿ ತಗ್ಗುಸ್ವರಗಳು ಉಬ್ಬುತ್ತವೆ. ಕಂಪನ ಕಾಂಕ್ರೀಟಿನೊಳಗೆ ನೇರವಾಗಿ ಇಳಿದು ಕೆಳಗಿನ ಮನೆಯ ಸೂರಿನಿಂದ ಹೊರಡುತ್ತದೆ. ಗೋಡೆಯ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದ. ಅದು ಕೋಣೆಯೊಳಗಿನ ಮಾರ್ದನಿಯನ್ನು ಕೊಂಚ ಕುಗ್ಗಿಸೀತೇ ಹೊರತು ಸದ್ದು ಹೊರಹೋಗುವುದನ್ನು ತಡೆಯದು. ತಡೆಯಲು ತೂಕ ಬೇಕು, ಮಧ್ಯೆ ಗಾಳಿಯ ಅಂತರ ಬೇಕು. ಎರಡು ಮೈಕುಗಳನ್ನಿಟ್ಟಿದ್ದ, ಒಂದು ಇನ್ನೊಂದಕ್ಕಿಂತ ಗೇಣುದ್ದ ದೂರ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 17 ಸೆಂಟಿಮೀಟರ್ ಅಂತರವೆಂದರೆ 1000 ಹರ್ಟ್ಜ್ ಸ್ವರದ ಅರ್ಧ ತರಂಗಾಂತರ. ಆ ಸ್ವರ ಎರಡು ಮೈಕುಗಳಲ್ಲಿ ವಿರುದ್ಧವಾಗಿ ಸೇರಿ ಸವೆದುಹೋಗುತ್ತದೆ. "ದನಿ ಯಾಕೋ ಟೊಳ್ಳು ಸಾರ್" ಎಂದು ಅವನು ಗೊಣಗುತ್ತಿದ್ದುದರ ಗುಟ್ಟು ಇದು. ಒಂದು ಮೈಕನ್ನು ತೆಗೆಸಿದೆ.

ಪಕ್ಕದ ಕೋಣೆಯಲ್ಲಿ ಗೋಡೆಯೊಳಗೆ ಕಟ್ಟಿದ ದೊಡ್ಡ ಬೀರು. ಅವನ ಮಡದಿ ನಗುತ್ತಲೇ ಕೆಳಗಿನ ಅರೆಯನ್ನು ತೆರವು ಮಾಡಿಕೊಟ್ಟಳು. ದಪ್ಪ ರಬ್ಬರಿನ ತುಂಡುಗಳು, ಅವುಗಳ ಮೇಲೆ ಹಳೆಯ ಹತ್ತಿಯ ಹಾಸಿಗೆಯ ಮಡಿಕೆ, ಅದರ ಮೇಲೆ ಪೆಟ್ಟಿಗೆ. ಸ್ಪೀಕರಿನಿಂದ ಎರಡು ಬೆರಳಗಲದಲ್ಲಿ ಮೈಕು. ಸುತ್ತಲೂ ರಜಾಯಿ, ಕಂಬಳಿ, ಮೇಲೆ ತೂಗುವ ಸೀರೆಗಳು. ಶೋಲ್ಜನ ಮಾದರಿಯ ರೋಧಕದ ಪೆಟ್ಟಿಗೆಯನ್ನು ಅವನು ಆಗಲೇ ತರಿಸಿಟ್ಟಿದ್ದ. ಅದು ಕಾಯುತ್ತದೆಯಾದ್ದರಿಂದ ಬಟ್ಟೆಗಳಿಂದ ದೂರ, ಹೊರಗೆ ಇಡಿಸಿದೆ. ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿನತ್ತ ಬೆರಳಗಲ ಸರಿಸಿದರೆ ದನಿಯ ಚೂಪು ಇಳಿಯುವುದನ್ನು ಅವನು ನನಗೆ ಹೆಡ್‌ಫೋನಿನಲ್ಲಿ ಕೇಳಿಸಿದ. ಆ ಅರ್ಧ ಗಂಟೆ ಅವನು ಮೇಷ್ಟ್ರು, ನಾನು ವಿದ್ಯಾರ್ಥಿ. 1991ರ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದನ್ನು ಅವನು ಓದುತ್ತಾನೆಂದು ಬಲ್ಲೆ. ಪೆಟ್ಟಿಗೆಯನ್ನು ಸರಿಸಿದವನು ನಾನೇ ಎಂದು ಮೇಲೆ ಬರೆದದ್ದು ಅದಕ್ಕೇ.

ಕೊನೆಗೆ ನಾನು ಮೆಟ್ಟಿಲಿಳಿದು ದೂರು ಕೊಟ್ಟವರ ಮನೆಯ ಕರೆಗಂಟೆ ಒತ್ತಿದೆ. ವೃದ್ಧ ದಂಪತಿಗಳು, ಆ ಹಿರಿಯರಿಗೆ ಹೃದಯದ ತೊಂದರೆ, ರಾತ್ರಿ ನಿದ್ರೆ ಬಾರದು. ಬಂದ ಕಾರಣ ತಿಳಿಸಿದೆ. ಆಕೆ ಕಾಫಿ ಕೊಟ್ಟರು. ಅವರ ಮಲಗುವ ಕೋಣೆಯಲ್ಲಿ ಮೂವರೂ ಸೂರನ್ನೇ ನೋಡುತ್ತ ಕುಳಿತೆವು. ಫ್ಯಾನಿನ ಸದ್ದು, ಎಲ್ಲೋ ಕುಕ್ಕರಿನ ಸೀಟಿ. ನನ್ನ ಮೊಬೈಲ್ ರಿಂಗಾಯಿತು.

"ಸಾರ್, ಹೇಗೆ ಕೇಳಿಸ್ತು?"

"ನೀನು ಶುರು ಮಾಡಪ್ಪಾ, ಕಾಯ್ತಾ ಇದ್ದೀವಿ."

"ಒಂದು ಹಾಡು ಪೂರ್ತಿ ಮುಗೀತು ಸಾರ್!"