ಆಡಿಯೋ ಆ್ಯಪ್ ಮಾಡಿಸಿದರೆ ತಿಂಗಳಿಗೆ ಲಕ್ಷ ರೂಪಾಯಿ ಬರುತ್ತದೆಯೇ? ನಿಜಾಂಶ ಇಲ್ಲಿದೆ

‘ಹಾಡು, ಭಜನೆ, ಕಥೆ ಹಂಚಿಕೊಳ್ಳುವ ಆ್ಯಪ್ ಮಾಡಿಸಿ, ಮನೆಯಲ್ಲೇ ಕುಳಿತು ತಿಂಗಳಿಗೆ ಲಕ್ಷ ಗಳಿಸಿ’ ಎಂಬ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ? ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಳೇ ಹುಬ್ಬಳ್ಳಿಯ ಒಬ್ಬ ಯುವಕ ಸಿದ್ಧಾರೂಢ ಮಠದ ಭಜನೆ, ಉತ್ತರ ಕರ್ನಾಟಕದ ಜಾನಪದ ಗೀತೆ, ಹಿಂದೂಸ್ತಾನಿ ಸಂಗೀತ ಎಲ್ಲವೂ ಸಿಗುವ ಆ್ಯಪ್ ಶುರು ಮಾಡಬೇಕೆಂದಿದ್ದಾನೆ ಎಂದುಕೊಳ್ಳಿ.

ಹೇಳಿಕೆ 1: ಒಮ್ಮೆ ಆ್ಯಪ್ ಮಾಡಿಸಿದರೆ ಮುಂದೆ ಖರ್ಚಿಲ್ಲ

ಇದು ತಪ್ಪು. ಪ್ಲೇ ಸ್ಟೋರ್‌ನಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು. ದೊಡ್ಡ ಖರ್ಚು ಶುರುವಾಗುವುದು ಜನ ಕೇಳತೊಡಗಿದ ಮೇಲೆ. ಸೆಕೆಂಡಿಗೆ 64 ಕಿಲೋಬಿಟ್ ಗುಣಮಟ್ಟದ ಆಡಿಯೋ ಒಂದು ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ. 10,000 ಜನ ದಿನಕ್ಕೆ ಒಂದು ಗಂಟೆ ಕೇಳಿದರೆ ತಿಂಗಳಿಗೆ ಸುಮಾರು 8,640 ಜಿಬಿ ಡೇಟಾ ನಿಮ್ಮ ಸರ್ವರ್‌ನಿಂದ ಹೊರಗೆ ಹೋಗುತ್ತದೆ. ಜಿಬಿಗೆ 5 ರೂಪಾಯಿ ಎಂದು ಲೆಕ್ಕ ಹಿಡಿದರೂ ತಿಂಗಳ ಬಿಲ್ಲು 43,200 ರೂಪಾಯಿ.

ಈಗ ಆದಾಯ ನೋಡಿ. ತಿಂಗಳ ಚಂದಾ 99 ರೂಪಾಯಿ ಇಟ್ಟಿದ್ದೀರಿ, ನೂರರಲ್ಲಿ ಇಬ್ಬರು ಕಟ್ಟುತ್ತಾರೆ ಎಂದುಕೊಳ್ಳೋಣ. ಆ್ಯಪ್ ಸ್ಟೋರ್ 15% ಕಮಿಷನ್ ಹಿಡಿದರೆ ಒಬ್ಬರಿಂದ ಕೈಗೆ ಸಿಗುವುದು 84 ರೂಪಾಯಿ. 200 ಜನರಿಂದ 16,800 ರೂಪಾಯಿ. ಸರ್ವರ್ ಬಿಲ್ಲು ತುಂಬಲಿಕ್ಕೇ 515 ಚಂದಾದಾರರು ಬೇಕು. ಸಂಬಳ, ಜಾಹೀರಾತು, ಗಾಯಕರಿಗೆ ಕೊಡುವ ಹಣ ಇದರಲ್ಲಿ ಸೇರಿಲ್ಲ.

ಹೇಳಿಕೆ 2: ಇಂಟರ್ನೆಟ್‌ನಲ್ಲಿ ಸಿಗುವ ಹಾಡುಗಳನ್ನೇ ಹಾಕಬಹುದು

ಇದು ತಪ್ಪು, ಅಪಾಯಕಾರಿ ಕೂಡ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಹುಬ್ಬಳ್ಳಿಯಲ್ಲೇ ನೆಲೆಸಿದ್ದ ಗಂಗೂಬಾಯಿ ಹಾನಗಲ್ ಅವರ ಉದಾಹರಣೆ ತೆಗೆದುಕೊಳ್ಳಿ. 1930ರ ದಶಕದಲ್ಲಿ ಹೊರಬಂದ ಅವರ ಗ್ರಾಮಫೋನ್ ರೆಕಾರ್ಡುಗಳ ಧ್ವನಿಮುದ್ರಣ ಹಕ್ಕಿನ ಅವಧಿ ಮುಗಿದಿದೆ. ಅವರದೇ 1980ರ ದಶಕದ ಕ್ಯಾಸೆಟ್‌ಗೆ ಆ ಮಾತು ಅನ್ವಯಿಸುವುದಿಲ್ಲ. ಸಾಹಿತ್ಯ ಬರೆದವರ ಹಕ್ಕು ಬೇರೆಯೇ ಇದೆ. ಅದು ಅವರು ತೀರಿಕೊಂಡ ಬಳಿಕ 60 ವರ್ಷ ಉಳಿಯುತ್ತದೆ. ಜಾತ್ರೆಯಲ್ಲಿ ನೀವೇ ಭಜನೆ ರೆಕಾರ್ಡ್ ಮಾಡಿದರೂ ಹಾಡಿದವರ ಒಪ್ಪಿಗೆ ಬೇಕು. ಅದನ್ನು ಬರಹದಲ್ಲೇ ಪಡೆಯಿರಿ.

‘ರೇಡಿಯೋದವರಂತೆ ಸರ್ಕಾರ ನಿಗದಿ ಮಾಡಿದ ಶುಲ್ಕ ಕಟ್ಟಿ ಹಾಡು ಹಾಕಬಹುದಲ್ಲ?’ ಎಂದು ಕೇಳುವವರಿದ್ದಾರೆ. ವಿಂಕ್ ಮತ್ತು ಟಿಪ್ಸ್ ಕಂಪನಿಗಳ ನಡುವಿನ ಪ್ರಕರಣದಲ್ಲಿ ಆ ಸೌಲಭ್ಯ ಇಂಟರ್ನೆಟ್ ಸ್ಟ್ರೀಮಿಂಗ್‌ಗೆ ಇಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು.

ಹೇಳಿಕೆ 3: ಡೌನ್‌ಲೋಡ್ ಹೆಚ್ಚಾದರೆ ಲಾಭ ತಾನಾಗಿಯೇ ಬರುತ್ತದೆ

ಇದಕ್ಕೂ ಆಧಾರವಿಲ್ಲ. 2006ರಲ್ಲಿ ಸ್ಥಾಪನೆಯಾದ ಸ್ಪಾಟಿಫೈ ಪೂರ್ಣ ವರ್ಷದ ಲಾಭ ತೋರಿಸಿದ್ದು ಮೊದಲ ಬಾರಿಗೆ 2024ರಲ್ಲಿ. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪ್ ಮುಚ್ಚುವುದಾಗಿ ಪ್ರಕಟಿಸಿತು.

ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದಾವತ್ಕಾ ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಪ್ರಶ್ನೆಗಳಿಗೆ ಧ್ವನಿಯಲ್ಲೇ ಉತ್ತರ ಸಿಗುವ ‘ವೋಕಲ್’ ಆ್ಯಪ್ ಕಟ್ಟಿದ್ದರು. ಬಳಿಕ 2020ರಲ್ಲಿ ‘ಕೂ’ ಶುರು ಮಾಡಿದರು. ದೊಡ್ಡ ಹೂಡಿಕೆದಾರರ ಹಣ, ಕೋಟಿಗಟ್ಟಲೆ ಡೌನ್‌ಲೋಡ್ ಎಲ್ಲ ಇದ್ದೂ 2024ರ ಜುಲೈನಲ್ಲಿ ‘ಕೂ’ ಮುಚ್ಚಿತು. ಬೇರೆ ಕಂಪನಿಗಳ ಜತೆಗಿನ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ವೆಚ್ಚ ಹೆಚ್ಚು ಎಂದು ಸ್ಥಾಪಕರೇ ತಿಳಿಸಿದ್ದರು.

ಹಾಗಾದರೆ ದಾರಿಯೇ ಇಲ್ಲವೇ?

ಇದೆ. ಆದರೆ ಆ್ಯಪ್ ಕೊನೆಯ ಹೆಜ್ಜೆಯಾಗಲಿ. ಹಣ ಹುಟ್ಟುವುದು ನಿಮ್ಮದೇ ಹಕ್ಕಿರುವ, ಬೇರೆಲ್ಲೂ ಸಿಗದ ಆಡಿಯೋದಿಂದ.

• ಮೊದಲು ಒಂದೇ ವಿಷಯ ಆರಿಸಿಕೊಂಡು ಯೂಟ್ಯೂಬ್ ಅಥವಾ ಉಚಿತ ಪಾಡ್‌ಕಾಸ್ಟ್ ವೇದಿಕೆಯಲ್ಲಿ ಹಾಕಿ. ಅಲ್ಲಿ ಸರ್ವರ್ ಖರ್ಚು ನಿಮ್ಮದಲ್ಲ.
• ಆರು ತಿಂಗಳು ನೋಡಿ. ಎಷ್ಟು ಜನ ಕೊನೆಯವರೆಗೆ ಕೇಳುತ್ತಾರೆ, ಎಷ್ಟು ಜನ ಯುಪಿಐ ಮೂಲಕ ಹಣ ಕೊಡಲು ಸಿದ್ಧರಿದ್ದಾರೆ ಎಂದು ಬರೆದಿಡಿ.
• ಹಣ ಕೊಡುವವರು ನೂರಾರು ಆದ ಮೇಲೆ ಆ್ಯಪ್ ಬಗ್ಗೆ ಯೋಚಿಸಿ. ಹುಬ್ಬಳ್ಳಿಯಲ್ಲೇ ದೇಶಪಾಂಡೆ ಸ್ಟಾರ್ಟಪ್ಸ್ ಕೇಂದ್ರವಿದೆ. ಆಯ್ಕೆಯಾದ ನವೋದ್ಯಮಗಳಿಗೆ ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನವೂ ಇದೆ.
• ಬಳಕೆದಾರರೂ ಆಡಿಯೋ ಹಾಕುವ ಆ್ಯಪ್ ಆದರೆ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸುವುದು 2021ರ ಐಟಿ ನಿಯಮಗಳ ಪ್ರಕಾರ ಕಡ್ಡಾಯ.

ಈ ಸಂದೇಶ ಬಂದರೆ ಎಚ್ಚರ

‘ಮೊದಲು ಡೆಪಾಸಿಟ್ ಕಟ್ಟಿ’, ‘ಹಾಡು ಕೇಳಿದರೆ ದಿನಕ್ಕಿಷ್ಟು ಹಣ’, ‘ಇಬ್ಬರನ್ನು ಸೇರಿಸಿದರೆ ಕಮಿಷನ್’ ಎಂದು ಬರೆದಿದ್ದರೆ ಅದು ವ್ಯಾಪಾರವಲ್ಲ, ವಂಚನೆಯ ಲಕ್ಷಣ. ಲಿಂಕ್ ಒತ್ತಬೇಡಿ, ಮುಂದೆ ಕಳಿಸಬೇಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.