ಮಾತುಗಾರ ವಕೀಲರ ಕಾರು

ಪಾಲಿಟೆಕ್ನಿಕ್‌ನಲ್ಲಿ ನಾನು ಗವರ್ನರ್, ಅಂದರೆ ಎಂಜಿನ್ ವೇಗವನ್ನು ಹದದಲ್ಲಿಡುವ ಸಾಧನದ ಪಾಠ ಶುರು ಮಾಡಿದರೆ ಹಿಂದಿನ ಬೆಂಚಿಗೆ ನಿದ್ದೆ ಹತ್ತುತ್ತಿತ್ತು. ವ್ಯಾಟ್, ಪೋರ್ಟರ್, ಹಾರ್ಟ್‌ನೆಲ್ ಎಂದು ಅದರ ಬಗೆಗಳನ್ನೆಲ್ಲ ಬೋರ್ಡ್ ತುಂಬ ಚಿತ್ರ ಬರೆದರೂ ಯಾರೂ ತಲೆ ಎತ್ತುತ್ತಿರಲಿಲ್ಲ. ಆಗ ನಾನು ರಾಲ್ಫ್ ಟೀಟರ್ ಕಥೆ ತೆಗೆಯುತ್ತಿದ್ದೆ.

ಟೀಟರ್ ಅಮೆರಿಕದ ಇಂಡಿಯಾನಾದವರು. ಐದನೇ ವಯಸ್ಸಿನಲ್ಲಿ ಚಾಕು ತಗುಲಿ ಒಂದು ಕಣ್ಣು ಹೋಯಿತು, ಅದರ ಹಿಂದೆಯೇ ಇನ್ನೊಂದೂ. ಆದರೂ 1912ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು, ಮುಂದೆ ಪಿಸ್ಟನ್ ರಿಂಗ್ ತಯಾರಿಸುವ ಕಂಪನಿಯೊಂದರ ಅಧ್ಯಕ್ಷರೂ ಆದರು. ಅವರ ವಕೀಲರಿಗೆ ಒಂದು ಚಾಳಿ ಇತ್ತಂತೆ: ಕಾರು ಓಡಿಸುತ್ತ ತಾವು ಮಾತಾಡುವಾಗ ಪೆಡಲ್ ಮೇಲಿನ ಕಾಲು ಸಡಿಲ, ಇನ್ನೊಬ್ಬರ ಮಾತು ಕೇಳುವಾಗ ಬಿಗಿ. ಕಣ್ಣಿಲ್ಲದವರಿಗೆ ಆ ಜಗ್ಗಾಟ ಇನ್ನಷ್ಟು ತಟ್ಟಿರಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಟೆಗೆ 35 ಮೈಲಿಯ ಮಿತಿ ಬೇರೆ ಜಾರಿಯಲ್ಲಿತ್ತು. ವೇಗವನ್ನು ಹಿಡಿತದಲ್ಲಿಡಲು ಟೀಟರ್ ರೂಪಿಸಿದ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಸಿಕ್ಕಿತು.

ಒಳಗಿದ್ದದ್ದು ನಾನು ಬೋರ್ಡ್ ಮೇಲೆ ಬರೆಯುತ್ತಿದ್ದ ಅದೇ ತಿರುಗುವ ತೂಕಗಳು. ವೇಗ ಏರಿದಂತೆ ಅವು ಹೊರಕ್ಕೆ ಸರಿಯುತ್ತವೆ. ನಿಗದಿ ಮಾಡಿದ ವೇಗ ಮುಟ್ಟಿತೋ, ಆಕ್ಸಿಲರೇಟರ್ ಪೆಡಲ್ ಅಂಗಾಲಿಗೆ ಎದುರು ಒತ್ತುತ್ತದೆ. 1958ರಲ್ಲಿ ಕ್ರೈಸ್ಲರ್ ಇದನ್ನು ‘ಆಟೊ-ಪೈಲಟ್’ ಎಂದು ಮಾರಿತು. 1973ರ ತೈಲ ಬಿಕ್ಕಟ್ಟಿನ ನಂತರ, 55 ಮೈಲಿಯ ಮಿತಿ ಬಂದಾಗ, ಕ್ರೂಸ್ ಕಂಟ್ರೋಲ್ ಎಂದು ಹೆಸರಾದ ಈ ಸಾಧನಕ್ಕೆ ಬೇಡಿಕೆ ಕುದುರಿತು.

ಒಂದೇ ತೊಂದರೆ: ಅದಕ್ಕೆ ತನ್ನ ವೇಗ ಬಿಟ್ಟು ಬೇರೇನೂ ಗೊತ್ತಿಲ್ಲ. ತುಮಕೂರು ರಸ್ತೆಯಲ್ಲಿ ಸ್ಪೀಡ್ ಗವರ್ನರ್ ಹಾಕಿದ ಲಾರಿ ಅಂಥದ್ದೇ ಇನ್ನೊಂದನ್ನು ಓವರ್‌ಟೇಕ್ ಮಾಡುವುದನ್ನು ನೋಡಿ. ಎರಡರದೂ ಗಂಟೆಗೆ 80 ಕಿ.ಮೀ. ಆಸುಪಾಸು. ಒಂದು ಇನ್ನೊಂದರ ಕ್ಯಾಬಿನ್ ದಾಟುವಷ್ಟರಲ್ಲಿ ಹಿಂದೆ ಮೆರವಣಿಗೆ, ಹಾರನ್ ಮೇಳ. ಪ್ರಾಣ ಉಳಿಸಲು ವೇಗಕ್ಕೆ ಕಡಿವಾಣ ಬೇಕೇ ಬೇಕು, ನನ್ನ ತಕರಾರಿಲ್ಲ. ಆದರೆ ಸಂಚಾರ ಸರಾಗವಾಗುವುದು ಗಾಡಿ ಗಾಡಿಯ ನಡುವಿನ ಜಾಗದಿಂದ.

ಜಪಾನಿನ ಸುಗಿಯಾಮಾ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟಿಸುತ್ತದೆ. 230 ಮೀಟರ್ ಸುತ್ತಳತೆಯ ವೃತ್ತ, ಅದರಲ್ಲಿ 22 ಕಾರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ದನ ಅಡ್ಡ ಬರುವುದೂ ಇಲ್ಲ. ಎಲ್ಲರೂ 30 ಕಿ.ಮೀ. ವೇಗದಲ್ಲಿ ಹೋಗಬೇಕು, ಅಷ್ಟೆ. ಸ್ವಲ್ಪ ಹೊತ್ತಿಗೆ ಯಾರದೋ ವೇಗ ಕೂದಲೆಳೆಯಷ್ಟು ತಗ್ಗಿತು. ಹಿಂದಿನವನು ಇನ್ನೂ ತುಸು ಹೆಚ್ಚು ತಗ್ಗಿಸಿದ, ಅವನ ಹಿಂದಿನವನು ನಿಂತೇ ಬಿಟ್ಟ. ಆ ಜಾಮ್ ಗಂಟೆಗೆ ಸುಮಾರು 20 ಕಿ.ಮೀ.ಯಂತೆ ಹಿಂದಕ್ಕೆ ಸರಿಯತೊಡಗಿತು!

ಮುಂದಿನ ಗಾಡಿಯನ್ನು ನೋಡಿ ಅಂತರ ಕಾಯುವ ರೇಡಾರ್ ವ್ಯವಸ್ಥೆಯನ್ನು ಮರ್ಸಿಡಿಸ್ 1999ರಲ್ಲೇ ತಂದಿತ್ತು. ಇಲ್ಲಿಗೆ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಮಾರುಕಟ್ಟೆಯಲ್ಲಿದ್ದ ಇಂಥ ಹಲವು ಕಾರುಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಅವೂ ಮನುಷ್ಯರಂತೆ ಮುಂದಿನವನ ಸಣ್ಣ ಬ್ರೇಕನ್ನು ದೊಡ್ಡದು ಮಾಡಿ ಹಿಂದಕ್ಕೆ ದಾಟಿಸುತ್ತಿದ್ದವು. ಅರಿಜೋನಾದ ಟೂಸಾನ್‌ನಲ್ಲಿ ಬೇರೆ ಬಗೆಯಲ್ಲಿ ಪಳಗಿಸಿದ ಒಂದೇ ಒಂದು ಕಾರು, ಇಪ್ಪತ್ತಕ್ಕೂ ಮಿಕ್ಕ ಕಾರುಗಳ ವೃತ್ತದಲ್ಲಿ ಹೀಗೆ ಹಿಂದಕ್ಕೆ ಸರಿಯುವ ಜಾಮ್‌ನ ಅಲೆಯನ್ನು ಅಡಗಿಸಿತು. 2022ರ ನವೆಂಬರಿನಲ್ಲಿ ನ್ಯಾಶ್‌ವಿಲ್ ಬಳಿಯ ಹೆದ್ದಾರಿಗೆ ಅಂಥ 100 ಕಾರುಗಳನ್ನೇ ಇಳಿಸಿ ನೋಡಿದರು.

ಟೂಸಾನ್ ಕಾರಿನ ಗುಟ್ಟು ಇಷ್ಟೆ: ಮುಂದೆ ಜಾಗ ಬಿದ್ದರೆ ತುಂಬಲು ಧಾವಿಸದೆ ಸರಾಸರಿ ವೇಗದಲ್ಲೇ ಸಾಗುವುದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್‌ನಲ್ಲಿ ಬೈಕು, ಆಟೊಗಳನ್ನು ಹೊರಗಿಟ್ಟರು. ಈಗ ಅಲ್ಲಿ ಮುಂದೆ ಹೀಗೆ ಜಾಗ ಬಿಟ್ಟರೆ ಎಡದಿಂದ ಇನ್ನೊಂದು ಕಾರು ನುಗ್ಗುತ್ತದೆ, ಇಂಡಿಕೇಟರ್ ಹಾಕದೆ.